ಶ್ವಾಸಕೋಶದ ಕ್ಯಾನ್ಸರಿನ ಹುಟ್ಟು: ಗಾಜಿನೊಳಗಿನ ಮಾದರಿ, ಜೀವಂತ ಮಾದರಿ

ಹೋದ ವರುಷ ಹತ್ತನೆಯ ತರಗತಿಯಲ್ಲಿ ಉಸಿರಾಟದ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬ ಎದ್ದು ನಿಂತು, "ಸಾರ್, ಕಲ್ಲಿನ ಧೂಳು ಕುಡಿದರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ಬರುತ್ತದಂತೆ, ನಿಜವೆ? ಅದು ಇಲಿಗೆ ಬರುವುದು, ಮನುಷ್ಯರಿಗಲ್ಲ ಅಂತ ನಮ್ಮಪ್ಪನ ಜೊತೆಯವರು ಹೇಳುತ್ತಾರೆ" ಎಂದು ಕೇಳಿದ. ಅವನ ತಂದೆ ಗ್ರಾನೈಟ್ ಕಲ್ಲು ಕೊಯ್ದು ಹೊಳಪು ಕೊಡುವ ಕಾರ್ಖಾನೆಯೊಂದಕ್ಕೆ ಕೂಲಿಗೆ ಹೋಗುತ್ತಾರೆ. ಬರಗೂರು, ಕೃಷ್ಣಗಿರಿ, ಹೊಸೂರುಗಳ ಸುತ್ತ ಇಂಥ ಕಾರ್ಖಾನೆಗಳೂ ಕಲ್ಲುಗಣಿಗಳೂ ಎಷ್ಟಿವೆಯೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾವು ಹೇಳಬೇಕಾದುದಿಲ್ಲ. ಗಂಟೆ ಹೊಡೆಯುವ ಹೊತ್ತು ಹತ್ತಿರವಾಗಿತ್ತು. "ಇಲಿಗೆ ಬಂದದ್ದು ನಮಗೂ ಬರುತ್ತದಪ್ಪ, ಅದೂ ಪ್ರಾಣಿ, ನಾವೂ ಪ್ರಾಣಿ" ಎಂದು ಹೇಳಿ ಅವನನ್ನು ಕೂರಿಸಿದೆವು. ಮನೆಗೆ ಬಂದ ಮೇಲೆ ಆ ಉತ್ತರ ನಮಗೇ ಒಪ್ಪಿಗೆಯಾಗಲಿಲ್ಲ. ಪುಸ್ತಕಗಳನ್ನು ತೆರೆದು ನೋಡಲಾಗಿ, ನಾವು ಹೇಳಿದ ತೀರ್ಮಾನ ಸರಿಯೆಂದೂ ಕೊಟ್ಟ ಕಾರಣ ತಪ್ಪೆಂದೂ ತಿಳಿದುಬಂತು. ಉತ್ತರ ಸರಿಯಿದ್ದು ಕ್ರಮ ತಪ್ಪಾದ ಲೆಕ್ಕಕ್ಕೆ ನಾವು ಪೂರ್ಣಾಂಕ ಕೊಡುವುದಿಲ್ಲವಷ್ಟೆ. ಆ ಕ್ರಮವನ್ನು ತಿದ್ದಿಕೊಳ್ಳುವ ಪ್ರಯತ್ನವೇ ಈ ಲೇಖನ.

ಮನುಷ್ಯನ ಎದೆಯೊಳಗೆ ಕ್ಯಾನ್ಸರ್ ಹುಟ್ಟುವುದನ್ನು ಯಾರೂ ಎದುರಿಗೆ ಕುಳಿತು ನೋಡಲಾರರು. ಹೊಗೆಯೋ ಧೂಳೋ ಒಳಗೆ ಹೋಗಲು ಮೊದಲಾದಂದಿನಿಂದ ಗಡ್ಡೆ ಕಾಣಿಸಿಕೊಳ್ಳುವವರೆಗೆ ಇಪ್ಪತ್ತು ಮೂವತ್ತು ವರುಷಗಳೇ ಕಳೆಯುವುದುಂಟು. ಬೇಕೆಂದು ಒಬ್ಬನಿಗೆ ರೋಗ ತರಿಸಿ ನೋಡುವುದಂತೂ ಮನುಷ್ಯರು ಮಾಡತಕ್ಕ ಕೆಲಸವಲ್ಲ. ಆದಕಾರಣ ವಿಜ್ಞಾನಿಗಳು ಮನುಷ್ಯನ ಬದಲಿಗೆ ಬೇರೊಂದನ್ನು ಇಟ್ಟುಕೊಂಡು ಅದರಲ್ಲಿ ರೋಗದ ದಾರಿಯನ್ನು ಹುಡುಕುತ್ತಾರೆ. ಹೀಗೆ ಬದಲಿಗೆ ಇಟ್ಟುಕೊಂಡದ್ದಕ್ಕೆ ಮಾದರಿ ಎಂದು ಹೆಸರು. ಭೂಗೋಳದ ಪಾಠಕ್ಕೆ ನಾವು ಗೋಳವನ್ನು ತರುತ್ತೇವಲ್ಲ, ಆ ಬಗೆಯದು. ಗೋಳದ ಮೇಲೆ ಹೊಸೂರಿನಿಂದ ಲಂಡನ್ನಿಗೆ ದಾರಿ ಅಳೆಯಬಹುದು. ಮಳೆ ಬೀಳುವುದನ್ನು ನೋಡಲಾಗದು.

ಈ ಮಾದರಿಗಳು ಮುಖ್ಯವಾಗಿ ಎರಡು ಬಗೆ. ದೇಹದಿಂದ ತೆಗೆದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಆಹಾರದ್ರವ ಹಾಕಿ ಬೆಳೆಸುವುದು ಒಂದು. ಲ್ಯಾಟಿನ್ ಮಾತಿನಲ್ಲಿ ಇದು ಇನ್ ವಿಟ್ರೊ, ಎಂದರೆ ಗಾಜಿನೊಳಗೆ. ಇಡಿಯ ಪ್ರಾಣಿಯಲ್ಲಿಯೇ ರೋಗವನ್ನು ಉಂಟುಮಾಡಿ ನೋಡುವುದು ಇನ್ನೊಂದು; ಇದು ಇನ್ ವಿವೊ, ಜೀವದೊಳಗೆ. ನಾವು ಕಾಲೇಜಿನಲ್ಲಿ ಓದುತ್ತಿದ್ದಾಗ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪಿನ ದ್ರಾವಣದಲ್ಲಿ ಇಟ್ಟು ತೋರಿಸುತ್ತಿದ್ದರು. ಅದು ಬಹಳ ಹೊತ್ತು ತನ್ನಷ್ಟಕ್ಕೆ ಬಡಿಯುತ್ತಿತ್ತು. ಹೃದಯದ ಬಡಿತ ಹೃದಯದೊಳಗಿನಿಂದಲೇ ಹುಟ್ಟುತ್ತದೆಂದು ತಿಳಿಯಲು ಅಷ್ಟು ಸಾಕು. ಹಾವನ್ನು ಕಂಡ ಕಪ್ಪೆಯ ಎದೆ ಹೇಗೆ ಬಡಿಯುತ್ತದೆಂದು ತಿಳಿಯಲು ಅದು ಸಾಲದು. ನಮ್ಮ ಸೀಮೆಯ ರೈತರಿಗೆ ಇನ್ನೂ ಹತ್ತಿರದ ಉದಾಹರಣೆ ಅಂಗಾಂಶ ಕೃಷಿಯ ಬಾಳೆ. ಸೀಸೆಯಲ್ಲಿ ಬೆಳೆದ ಬಾಳೆಸಸಿ ಎಷ್ಟು ಹಸುರಾಗಿದ್ದರೂ ಅದನ್ನು ನೇರವಾಗಿ ತೋಟಕ್ಕೆ ಒಯ್ದು ನೆಡುವುದಿಲ್ಲ. ಕೆಲವು ವಾರ ನೆರಳುಮನೆಯಲ್ಲಿ ಇಟ್ಟು ಗಾಳಿಗೂ ಬಿಸಿಲಿಗೂ ಪಳಗಿಸುತ್ತಾರೆ. ಸೀಸೆಯಲ್ಲಿ ಕಂಡ ಗುಣ ತೋಟದಲ್ಲಿ ಹಾಗೆಯೇ ಕಾಣುತ್ತದೆಂಬ ಭರವಸೆ ಯಾರಿಗೂ ಇಲ್ಲ.

ಇಲ್ಲಿ ಮಾತಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಪ್ರಯೋಗಶಾಲೆಗಳಲ್ಲಿ ಬಳಸುವ ಎರಡು ಪ್ರಾಣಿಗಳಿಗೂ, ದೊಡ್ಡದಕ್ಕೂ ಚಿಕ್ಕದಕ್ಕೂ, ನಾವು ಇಲಿಯೆಂದೇ ಹೇಳಿಬಿಡುತ್ತೇವೆ. ಇವು ಎರಡು ಬೇರೆ ಜಾತಿಗಳು. ಈ ಲೇಖನದಲ್ಲಿ ದೊಡ್ಡದನ್ನು ಇಲಿಯೆಂದೂ ಚಿಕ್ಕದನ್ನು ಚಿಟ್ಟಿಲಿಯೆಂದೂ ಕರೆಯುತ್ತೇವೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಮುಂದೆ ಗೊತ್ತಾಗುತ್ತದೆ.

ಜೀವಂತ ಮಾದರಿಯ ಚರಿತ್ರೆ ಹಳೆಯದು. ಹೊಗೆಗೂಡು ಗುಡಿಸುವವರಿಗೆ ಮಸಿಯಿಂದ ಚರ್ಮದ ಕ್ಯಾನ್ಸರ್ ಬರುವುದನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿಯೇ ಬರೆದಿದ್ದ. ಅದನ್ನು ಪ್ರಾಣಿಯಲ್ಲಿ ಮಾಡಿ ತೋರಿಸಲು 1915ರವರೆಗೆ ಕಾಯಬೇಕಾಯಿತು. ಜಪಾನಿನ ಯಾಮಾಗಿವ ಮತ್ತು ಇಚಿಕಾವ ಎಂಬ ಇಬ್ಬರು ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಟಾರನ್ನು ಸವರಿ ಕ್ಯಾನ್ಸರನ್ನು ಉಂಟುಮಾಡಿದರು. ಅವರಿಗಿಂತ ಮೊದಲು ಬೇರೆ ಪ್ರಾಣಿಗಳ ಮೇಲೆ ಪ್ರಯತ್ನಿಸಿದವರು ಸೋತಿದ್ದರು. ಇವರ ಗೆಲುವಿಗೆ ತಾಳ್ಮೆಯಷ್ಟೇ ಮೊಲದ ಕಿವಿಯೂ ಕಾರಣ.

ಸಿಗರೇಟಿನ ವಿಷಯಕ್ಕೆ ಬಂದರೆ, 1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ ರೋಗಿಗಳನ್ನು ವಿಚಾರಿಸಿ, ಹೊಗೆ ಸೇದುವುದಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆಯೆಂದು ತೋರಿಸಿದರು. 1953ರಲ್ಲಿ ಅಮೆರಿಕದ ವೈಂಡರ್, ಗ್ರಹಾಂ ಮತ್ತು ಕ್ರಾನಿಂಜರ್ ಸಿಗರೇಟಿನ ಹೊಗೆಯಿಂದ ತೆಗೆದ ಟಾರನ್ನು ಚಿಟ್ಟಿಲಿಗಳ ಬೆನ್ನಿಗೆ ಬಳಿದರು. ನೂರಕ್ಕೆ 44ಕ್ಕೆ ಚರ್ಮದ ಕ್ಯಾನ್ಸರ್ ಬಂತು. ಈ ಗ್ರಹಾಂ ಎಂಬವರು 1933ರಲ್ಲಿ ಕ್ಯಾನ್ಸರ್ ಹಿಡಿದ ಒಂದು ಶ್ವಾಸಕೋಶವನ್ನು ಪೂರ್ತಿಯಾಗಿ ತೆಗೆದು ರೋಗಿಯನ್ನು ಬದುಕಿಸಿದ ಪ್ರಸಿದ್ಧ ಶಸ್ತ್ರವೈದ್ಯರು. ಸ್ವತಃ ಸಿಗರೇಟು ಸೇದುತ್ತಿದ್ದವರು. 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು.

ಆದರೆ ಚಿಟ್ಟಿಲಿಯ ಬೆನ್ನು ಮನುಷ್ಯನ ಶ್ವಾಸಕೋಶವಲ್ಲ. ಹೊಗೆಯನ್ನೇ ಉಸಿರಾಡಿಸಿ ನೋಡಿದರೆ ಪ್ರಾಣಿಗಳಿಗೆ ಶ್ವಾಸಕೋಶದ ಕ್ಯಾನ್ಸರ್ ಸುಲಭವಾಗಿ ಬರಲೇ ಇಲ್ಲ. ಇದು ತಂಬಾಕು ಕಂಪನಿಗಳಿಗೆ ಬಹಳ ಅನುಕೂಲವಾಯಿತು. 1954ರ ಜನವರಿಯಲ್ಲಿ ಅವು ಕೂಡಿ ಅಮೆರಿಕದ ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಚಿಟ್ಟಿಲಿಯ ಪ್ರಯೋಗದ ಬಗೆಗೆ ಜನರ ಮನಸ್ಸಿನಲ್ಲಿ ಸಂದೇಹ ಬಿತ್ತಿದವು. ಸಂದೇಹ ಬಿತ್ತಲು ಸುಳ್ಳೇ ಬೇಕೆಂದಿಲ್ಲ. ಅರ್ಧ ನಿಜ ಸಾಕು.

ಪ್ರಾಣಿಗಳಿಗೆ ರೋಗ ಬಾರದಿದ್ದುದಕ್ಕೆ ಕಾರಣಗಳು ದೇಹರಚನೆಯಲ್ಲಿವೆ. ಇಲಿ, ಚಿಟ್ಟಿಲಿಗಳು ಮೂಗಿನಿಂದ ಮಾತ್ರ ಉಸಿರಾಡುತ್ತವೆ. ಅವುಗಳ ಮೂಗಿನೊಳಗಿನ ಸುರುಳಿಗಳು ನಮ್ಮವಕ್ಕಿಂತ ಬಹಳ ಜಟಿಲವಾಗಿದ್ದು ಹೊಗೆಯ ಕಣಗಳನ್ನು ಹಿಡಿದುಬಿಡುತ್ತವೆ. ಮನುಷ್ಯನಾದರೋ ಬಾಯಿಂದ ಎಳೆದು ಆಳಕ್ಕೆ ಇಳಿಸಿ ಹಿಡಿದಿಟ್ಟುಕೊಳ್ಳುತ್ತಾನೆ. ಹೊಗೆ ಕಂಡರೆ ಪ್ರಾಣಿ ಉಸಿರನ್ನು ಕಿರಿದು ಮಾಡಿಕೊಳ್ಳುತ್ತದೆ. ದುಡ್ಡು ಕೊಟ್ಟು ಸೇದುವ ಬುದ್ಧಿ ಅದಕ್ಕಿಲ್ಲ. ಚಿಟ್ಟಿಲಿಯ ಬಲ ಶ್ವಾಸಕೋಶಕ್ಕೆ ನಾಲ್ಕು ಹಾಲೆ, ಎಡಕ್ಕೆ ಒಂದೇ. ನಮ್ಮಲ್ಲಿ ಬಲಕ್ಕೆ ಮೂರು, ಎಡಕ್ಕೆ ಎರಡು. ಅದರ ಗಡ್ಡೆಗಳು ಬಹುಮಟ್ಟಿಗೆ ಗಾಳಿಚೀಲಗಳ ಹತ್ತಿರ ಅಂಚಿನಲ್ಲಿ ಹುಟ್ಟುತ್ತವೆ. ಹೊಗೆ ಸೇದುವವರಲ್ಲಿ ಬಹುಕಾಲ ಹೆಚ್ಚಾಗಿ ಕಂಡುಬರುತ್ತಿದ್ದ ಬಗೆಯ ಗಡ್ಡೆ ದೊಡ್ಡ ಶ್ವಾಸನಾಳಗಳಲ್ಲಿ ಹುಟ್ಟುವಂಥದು. ಇದೆಲ್ಲದರ ಮೇಲೆ ಅದರ ಆಯುಸ್ಸು ಸುಮಾರು ಎರಡೇ ವರುಷ. ಕೊನೆಗೆ ಪ್ರಾಣಿಗಳಿಗೆ ಬಾಳಿನುದ್ದಕ್ಕೂ ಹೊಗೆಯನ್ನು ಕೊಟ್ಟು ಮಾಡಿದ ಪ್ರಯೋಗಗಳಲ್ಲಿ, 2004ರಲ್ಲಿ ಇಲಿಗಳಿಗೂ 2005ರಲ್ಲಿ ಒಂದು ತಳಿಯ ಚಿಟ್ಟಿಲಿಗಳಿಗೂ ಶ್ವಾಸಕೋಶದ ಗಡ್ಡೆಗಳು ಸ್ಪಷ್ಟವಾಗಿ ಹೆಚ್ಚಿದುವೆಂದು ವರದಿಯಾಯಿತು. ಡಾಲ್ ಮತ್ತು ಹಿಲ್ ಮನುಷ್ಯರಲ್ಲಿ ಕಂಡದ್ದಕ್ಕೆ ಪ್ರಾಣಿಯ ಸಾಕ್ಷ್ಯ ದೊರೆಯಲು ಅರ್ಧ ಶತಮಾನವೇ ಹಿಡಿಯಿತು. ಆ ಸಾಕ್ಷ್ಯಕ್ಕಾಗಿ ಕಾದು ಕುಳಿತಿದ್ದರೆ ಎಷ್ಟು ಜನ ಸಾಯಬೇಕಾಗಿತ್ತೆಂಬುದನ್ನು ವಾಚಕರೇ ಊಹಿಸಲಿ.

ಇನ್ನು ಗಾಜಿನ ತಟ್ಟೆಯ ಮಾತು. ನಮ್ಮ ದೇಶದಲ್ಲಿ ಈ ವಿದ್ಯೆಯ ಬೇರು ಹಾಕಿದವರಲ್ಲಿ ಕಮಲ್ ರಣದಿವೆ (1917–2001) ಅವರನ್ನು ನೆನೆಯಬೇಕು. ಅವರು ಬಾಲ್ಟಿಮೋರಿನಲ್ಲಿ ಜಾರ್ಜ್ ಗೈ ಅವರ ಬಳಿ ಅಂಗಾಂಶ ಕೃಷಿಯನ್ನು ಕಲಿತು ಬಂದು, 1960ರ ದಶಕದಲ್ಲಿ ಮುಂಬಯಿಯ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರದಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಶಾಲೆಯನ್ನು ಕಟ್ಟಿದರು. ಚಿಟ್ಟಿಲಿಗಳ ಮೇಲೆಯೂ ಕೆಲಸ ಮಾಡಿದವರೇ. ಗಾಜು, ಪ್ರಾಣಿ ಎರಡನ್ನೂ ಕೈಯಾರೆ ಬಲ್ಲವರಾಗಿದ್ದರು.

ಶ್ವಾಸಕೋಶದ ಸಂಶೋಧನೆಯಲ್ಲಿ ಅತ್ಯಂತ ಹೆಸರಾದ ಕೋಶಸಂತತಿಗೆ ಎ 549 ಎಂದು ಸಂಖ್ಯೆ. 1972ರಲ್ಲಿ 58 ವಯಸ್ಸಿನ ರೋಗಿಯೊಬ್ಬನ ಗಡ್ಡೆಯಿಂದ ತೆಗೆದ ಕೋಶಗಳ ಸಂತಾನವಿದು. ಇಂದಿಗೂ ಲೋಕದ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿದೆ. ಔಷಧಗಳನ್ನು ಪರೀಕ್ಷಿಸಲು ಬಹಳ ಒಳ್ಳೆಯದು. ಆದರೆ ಕ್ಯಾನ್ಸರ್ ಹೇಗೆ ಹುಟ್ಟಿತೆಂದು ಅದನ್ನು ಕೇಳಿದರೆ ಹೇಳಲಾರದು, ಏಕೆಂದರೆ ಅದು ಆಗಲೇ ಕ್ಯಾನ್ಸರ್ ಆಗಿ ಮುಗಿದ ಕೋಶ. ಗೆದ್ದಲು ತಿಂದು ಮುಗಿಸಿದ ತೊಲೆಯಲ್ಲಿ ಗೆದ್ದಲು ಮೊದಲು ಯಾವ ಸಂದಿಯಿಂದ ಹತ್ತಿತೆಂದು ಹುಡುಕಿದಂತಾದೀತು. ಹುಟ್ಟನ್ನು ನೋಡಬೇಕಾದರೆ ಆರೋಗ್ಯವಾದ ಕೋಶದಿಂದಲೇ ಮೊದಲಾಗಬೇಕು. ಅಲ್ಲೊಂದು ಕಷ್ಟ: ಆರೋಗ್ಯವಾದ ಮನುಷ್ಯಕೋಶ ಗಾಜಿನಲ್ಲಿ ಸುಮಾರು 50 ಸಲ ಒಡೆದು ಎರಡಾದ ಮೇಲೆ ನಿಂತುಬಿಡುತ್ತದೆ. ಇದನ್ನು 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ತೋರಿಸಿದರು. 2004ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಸಂಶೋಧಕರು ಶ್ವಾಸನಾಳದ ಒಳಪದರದ ಕೋಶಗಳಿಗೆ ಎರಡು ವಂಶವಾಹಿಗಳನ್ನು ಸೇರಿಸಿ, ಅವು ನಿಲ್ಲದೆ ಬೆಳೆಯುತ್ತಲೇ ಇರುವಂತೆ, ಆದರೆ ಕ್ಯಾನ್ಸರ್ ಆಗದಂತೆ ಮಾಡಿದರು.

ಇಲ್ಲಿಯೇ ಎರಡು ಮಾದರಿಗಳು ಒಂದಕ್ಕೊಂದು ಎದುರಾಗಿ ನಿಲ್ಲುವುದು. 2001ರಲ್ಲಿ ಟೈಲರ್ ಜಾಕ್ಸ್ ಮತ್ತು ಅವರ ಜೊತೆಗಾರರು ಚಿಟ್ಟಿಲಿಯ ಶ್ವಾಸಕೋಶದಲ್ಲಿ ಕೆ-ರಾಸ್ ಎಂಬ ಒಂದೇ ವಂಶವಾಹಿಯನ್ನು ಕೆಡಿಸಿದ್ದರು; ಅಷ್ಟರಿಂದಲೇ ಗಡ್ಡೆಗಳು ಹುಟ್ಟಿದ್ದುವು. ಜೊತೆಗೆ ಕಾವಲುಗಾರನಂತಿರುವ ಪಿ 53 ಎಂಬ ವಂಶವಾಹಿಯನ್ನೂ ತೆಗೆದರೆ ಗಡ್ಡೆ ಉಗ್ರವಾಗಿ ಬೇರೆಡೆಗೂ ಹರಡುತ್ತದೆಂದು 2005ರಲ್ಲಿ ಕಂಡಿತು. ಟೆಕ್ಸಸ್ಸಿನವರು 2006ರಲ್ಲಿ ಅದೇ ಕೆ-ರಾಸ್ ಕೇಡನ್ನು ಮನುಷ್ಯನ ಶ್ವಾಸನಾಳದ ಕೋಶಗಳಿಗೆ ತಂದರು, ಪಿ 53ನ್ನು ಅಡಗಿಸಿದರು, ಬೇರೆ ಬದಲಾವಣೆಗಳನ್ನೂ ಕೂಡಿಸಿದರು. ಕೋಶಗಳ ನಡತೆ ಕೆಟ್ಟಿತು ನಿಜ, ಆದರೆ ಪೂರ್ಣ ಕ್ಯಾನ್ಸರ್ ಆಗಲಿಲ್ಲ. ಚಿಟ್ಟಿಲಿಯಲ್ಲಿ ಒಂದೆರಡು ಏಟಿಗೆ ಮುರಿದ ಬಾಗಿಲು ಮನುಷ್ಯಕೋಶದಲ್ಲಿ ನಾಲ್ಕೈದು ಏಟಿಗೂ ಮುರಿಯಲಿಲ್ಲ.

ಯಾವುದು ನಿಜ? ಎರಡೂ ನಿಜ. ಚಿಟ್ಟಿಲಿಯ ಕೋಶ ನಮ್ಮ ಕೋಶಕ್ಕಿಂತ ಸುಲಭವಾಗಿ ದಾರಿ ತಪ್ಪುತ್ತದೆ. ನಮಗಿಂತ ಎಷ್ಟೋ ಪಟ್ಟು ಚಿಕ್ಕದಾದ, ಎರಡು ವರುಷ ಬದುಕುವ ದೇಹಕ್ಕೆ ಎಪ್ಪತ್ತು ವರುಷದ ಕಾವಲು ಬೇಕಾಗುವುದಿಲ್ಲ. ಗಾಜಿನಲ್ಲಿರುವ ಮನುಷ್ಯಕೋಶ ನಮ್ಮದೇ. ಆದರೆ ಅದಕ್ಕೆ ನೆರೆಹೊರೆಯಿಲ್ಲ. ರಕ್ತನಾಳವಿಲ್ಲ, ರೋಗನಿರೋಧಕ ಕೋಶಗಳಿಲ್ಲ, ಊತವಿಲ್ಲ, ಉಸಿರೂ ಇಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ದಿನಕ್ಕೊಂದು ಪೊಟ್ಟಣ ಸಿಗರೇಟನ್ನು ವರುಷಪೂರ್ತಿ ಸೇದಿದವನ ಶ್ವಾಸಕೋಶದ ಒಂದೊಂದು ಕೋಶದಲ್ಲಿಯೂ ಸುಮಾರು 150 ಹೊಸ ವಂಶವಾಹಿ ಕಲೆಗಳು ಬೀಳುತ್ತವೆಂದು 2016ರಲ್ಲಿ ಲೆಕ್ಕ ಹಾಕಿದ್ದಾರೆ. ಒಂದೇ ವಂಶವಾಹಿಯನ್ನು ಕೆಡಿಸಿ ಚಿಟ್ಟಿಲಿಯಲ್ಲಿ ಮಾಡಿದ ಗಡ್ಡೆಯಲ್ಲಿ ಇಂಥ ಕಲೆಗಳು ಬಹು ಕಡಿಮೆಯೆಂದು 2015ರಲ್ಲಿ ಗೊತ್ತಾಯಿತು. ಎಂದರೆ, ಬುದ್ಧಿವಂತಿಕೆಯಿಂದ ಮಾಡಿದ ಗಡ್ಡೆ ನೋಟಕ್ಕೆ ಮನುಷ್ಯನದರಂತೆ ಇದ್ದರೂ ಅದರ ಪೂರ್ವಚರಿತ್ರೆ ಬೇರೆ. ಈ ವಿಷಯದಲ್ಲಿ ಹಳೆಯ ರಾಸಾಯನಿಕ ವಿಧಾನದಿಂದ ಉಂಟುಮಾಡಿದ ಗಡ್ಡೆಯೇ ಮನುಷ್ಯನದಕ್ಕೆ ಹತ್ತಿರ.

ಗಾಜನ್ನು ಹೀಗಳೆದಂತಾಯಿತೆಂದು ಯಾರೂ ತಿಳಿಯಬಾರದು. ಹೊಗೆಯಲ್ಲಿರುವ ಬೆನ್ಸೊಪೈರೀನ್ ಎಂಬ ರಾಸಾಯನಿಕ ದೇಹದಲ್ಲಿ ಮಾರ್ಪಟ್ಟಾಗ ಪಿ 53ರ ಯಾವ ಯಾವ ಸ್ಥಾನಗಳಿಗೆ ಅಂಟಿಕೊಳ್ಳುತ್ತದೆಂದು 1996ರಲ್ಲಿ ಕೋಶಗಳಲ್ಲಿ ನೋಡಿದರು. 157, 248, 273 ಎಂಬ ಸಂಖ್ಯೆಯ ಮೂರು ಸ್ಥಾನಗಳಲ್ಲಿ ಅದು ಬಲವಾಗಿ ಅಂಟಿತ್ತು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಪಿ 53 ಪದೇ ಪದೇ ಕೆಟ್ಟಿರುತ್ತಿದ್ದುದೂ ಅವೇ ಸ್ಥಾನಗಳಲ್ಲಿ. ಕಳ್ಳನ ಬೆರಳಚ್ಚು ಬೀಗದ ಮೇಲೆಯೇ ಸಿಕ್ಕಂತಾಯಿತು. ಇಷ್ಟು ನುಣುಪಾದ ಸಾಕ್ಷ್ಯವನ್ನು ಹೊಗೆಪೆಟ್ಟಿಗೆಯೊಳಗಿನ ಇಲಿಗಳು ಕೊಟ್ಟಿರಲಿಲ್ಲ.

ಪ್ರಾಣಿಯನ್ನು ಆರಿಸುವುದರಲ್ಲಿ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಗಜ್ಜರಿಯ ಬಣ್ಣವಾದ ಬೀಟಾ ಕ್ಯಾರೊಟಿನ್‌ನ ಕಥೆ ಪ್ರಸಿದ್ಧ. ಗಾಜಿನಲ್ಲಿಯೂ ಪ್ರಾಣಿಗಳಲ್ಲಿಯೂ ಅದು ರಕ್ಷಕವಾಗಿ ಕಂಡಿತ್ತು. ಫಿನ್ಲೆಂಡಿನಲ್ಲಿ 29,133 ಮಂದಿ ಹೊಗೆ ಸೇದುವ ಗಂಡಸರನ್ನು ಸೇರಿಸಿಕೊಂಡ ಪರೀಕ್ಷೆಯ ಫಲ 1994ರಲ್ಲಿ ಬಂದಾಗ, ಅದರ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇನ್ನೊಂದು ಪರೀಕ್ಷೆಯನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಇಲಿ, ಚಿಟ್ಟಿಲಿಗಳ ಕರುಳು ಬೀಟಾ ಕ್ಯಾರೊಟಿನ್‌ನ ಬಹುಪಾಲನ್ನು ಒಡನೆಯೇ ಎ ಜೀವಸತ್ವವನ್ನಾಗಿ ಮಾರ್ಪಡಿಸಿಬಿಡುತ್ತದೆ. ಮನುಷ್ಯರಲ್ಲಿ ಒಂದು ಪಾಲು ಹಾಗೆಯೇ ರಕ್ತಕ್ಕೆ ಸೇರುತ್ತದೆ. ಈ ವಿಷಯದಲ್ಲಿ ನಮ್ಮನ್ನು ಹೋಲುವುದು ಫೆರೆಟ್ ಎಂಬ, ಮುಂಗುಸಿಯಂತೆ ಕಾಣುವ ಪ್ರಾಣಿ. 1999ರಲ್ಲಿ ಅದಕ್ಕೆ ಹೊಗೆಯನ್ನೂ ಹೆಚ್ಚಿನ ಬೀಟಾ ಕ್ಯಾರೊಟಿನ್‌ನನ್ನೂ ಕೂಡಿಸಿ ಕೊಟ್ಟಾಗ ಶ್ವಾಸಕೋಶದಲ್ಲಿ ಕೆಡುಕಿನ ಮೊದಲ ಗುರುತುಗಳು ಕಂಡವು. ಊಟದ ಗಜ್ಜರಿಗೆ ಈ ದೋಷವಿಲ್ಲ, ಮಾತು ಗುಳಿಗೆಯದು.

ಈಗ ನಮ್ಮ ಕಲ್ಲಿನ ಧೂಳಿಗೆ ಬರೋಣ. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಐದನೆಯ ಒಂದು ಪಾಲಿಗೂ ಮಿಕ್ಕಿ ಕ್ವಾರ್ಟ್ಸ್ ಇರುತ್ತದೆ. ಬೆಣಚುಕಲ್ಲಿನ ದ್ರವ್ಯವೇ ಅದು. ವ್ಯಾಪಾರದಲ್ಲಿ ಕಪ್ಪು ಗ್ರಾನೈಟ್ ಎಂದು ಮಾರುವ ಕಲ್ಲಿನಲ್ಲಿ ಬಹಳ ಕಡಿಮೆ. ಒಣಗಿದ ಕಲ್ಲನ್ನು ಕೊಯ್ಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವುದು ಅಷ್ಟು ಕೆಟ್ಟದ್ದಲ್ಲ. ಕಾಣದಷ್ಟು ನುಣ್ಣಗಿನದೇ ಗಾಳಿಚೀಲಗಳವರೆಗೆ ಇಳಿಯುವುದು. ಅದರಿಂದ ಬರುವ ಸಿಲಿಕೋಸಿಸ್ ಎಂಬ ರೋಗ ನಮಗೆ ಹೊಸದಲ್ಲ. ನಮ್ಮ ನೆರೆಯ ಕೋಲಾರದ ಚಿನ್ನದ ಗಣಿಗಳಿಂದ 1947ರಲ್ಲಿ ಬಂದ ವರದಿಯನ್ನು ವೈದ್ಯ ಪಠ್ಯಗಳು ಇಂದಿಗೂ ಉದ್ಧರಿಸುತ್ತವೆ. ಆ ಗಣಿಗಳು 2001ರಲ್ಲಿ ಮುಚ್ಚಿದುವು. ಕ್ವಾರ್ಟ್ಸ್ ಧೂಳು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 1997ರಲ್ಲಿ ತೀರ್ಮಾನಿಸಿ, 2009ರಲ್ಲಿ ಮತ್ತೆ ಎತ್ತಿಹಿಡಿಯಿತು.

ಹುಡುಗನ ತಂದೆಯ ಜೊತೆಯವರು ಹೇಳಿದ್ದು ಎಲ್ಲಿಂದ ಬಂತೆಂದು ಈಗ ಕಾಣಬಹುದು. ಕ್ವಾರ್ಟ್ಸ್ ಧೂಳನ್ನು ಉಸಿರಾಡಿದ ಇಲಿಗಳಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಚಿಟ್ಟಿಲಿಗಳಲ್ಲಿಯೂ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯಲ್ಲಿಯೂ ಅಂಥ ಫಲ ಕಾಣಲಿಲ್ಲ. ಅಷ್ಟೇ ಅಲ್ಲ, ಬಣ್ಣಗಳಿಗೆ ಬೆರೆಸುವ ಟೈಟಾನಿಯಂ ಆಕ್ಸೈಡಿನಂಥ ಸಾಧು ಪುಡಿಯನ್ನು ಕೂಡ ವಿಪರೀತವಾಗಿ ತುಂಬಿದರೆ ಇಲಿಗೆ ಗಡ್ಡೆಯಾಗುತ್ತದೆ, ಚಿಟ್ಟಿಲಿಗೆ ಆಗುವುದಿಲ್ಲ. ಇಲಿಯ ಶ್ವಾಸಕೋಶ ಧೂಳಿನ ಹೊರೆಗೆ ಬೇಗ ಸೋಲುವಂಥದು. ಆದ್ದರಿಂದ 'ಇಲಿಗೆ ಬಂದದ್ದು ನಮಗೂ ಬರುತ್ತದೆ' ಎಂದ ನಮ್ಮ ಮಾತು ನಿಲ್ಲುವುದಿಲ್ಲ. 'ಚಿಟ್ಟಿಲಿಗೆ ಬಾರದ್ದು ನಮಗೂ ಬಾರದು' ಎಂಬುದೂ ನಿಲ್ಲುವುದಿಲ್ಲ. 1997ರ ತೀರ್ಮಾನಕ್ಕೆ ಮುಖ್ಯ ಆಧಾರವಾದವರು ಗಣಿಗಳಲ್ಲಿ, ಕಲ್ಲುಕೆಲಸದಲ್ಲಿ ದುಡಿದು ಸತ್ತ ಮನುಷ್ಯರು. ಎಲ್ಲ ಉದ್ಯಮಗಳಲ್ಲಿಯೂ ಒಂದೇ ಪ್ರಮಾಣದ ಅಪಾಯ ಕಾಣಲಿಲ್ಲವೆಂದು ಆ ಪಂಡಿತರು ಒಪ್ಪಿಕೊಂಡೇ ತೀರ್ಮಾನ ಕೊಟ್ಟರು. ಮನುಷ್ಯರ ಈ ಲೆಕ್ಕವನ್ನು ಇಡುವ ಕೆಲಸ ನಮಗೆ ದೂರದ್ದೂ ಅಲ್ಲ: ಹೊಸೂರು ರಸ್ತೆಯಲ್ಲಿಯೇ ಇರುವ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಆ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತ ಬಂದಿದೆ. ನಮ್ಮ ಕಡೆಯ ರೋಗಿಗಳೂ ಬಸ್ಸು ಹತ್ತಿ ಹೋಗುವುದು ಅಲ್ಲಿಗೇ.

ಹಾಗಾದರೆ ಗಾಜು, ಪ್ರಾಣಿ ಎರಡೂ ಇಲ್ಲಿ ವ್ಯರ್ಥವಾದುವೆ? ಹೇಗೆ ಎಂಬ ಪ್ರಶ್ನೆಗೆ ಅವು ಬೇಕೇ ಬೇಕು. ಧೂಳನ್ನು ನುಂಗಿ ಶ್ವಾಸಕೋಶವನ್ನು ಶುಚಿಮಾಡುವ ಕೋಶಗಳನ್ನು ಗಾಜಿನಲ್ಲಿ ಸಾಕಿ ಕ್ವಾರ್ಟ್ಸ್ ಹರಳುಗಳನ್ನು ಕೊಟ್ಟಾಗ, ಹರಳು ಕೋಶದೊಳಗಿನ ಜೀರ್ಣಚೀಲವನ್ನು ಹರಿಯುತ್ತದೆಂದೂ ಅದರಿಂದ ಊತದ ಎಚ್ಚರಿಕೆಗಂಟೆ ಬಾರಿಸತೊಡಗುತ್ತದೆಂದೂ 2008ರಲ್ಲಿ ತಿಳಿದುಬಂತು. ಹರಳು ಕರಗುವುದಿಲ್ಲ, ಒಂದು ಕೋಶ ಸತ್ತರೆ ಇನ್ನೊಂದು ಅದನ್ನು ನುಂಗುತ್ತದೆ, ಗಂಟೆ ನಿಲ್ಲುವುದೇ ಇಲ್ಲ. ಹೀಗೆ ವರುಷಗಟ್ಟಲೆ ಊದಿಕೊಂಡೇ ಇರುವ ಶ್ವಾಸಕೋಶದಲ್ಲಿ ಕ್ಯಾನ್ಸರಿಗೆ ಹೊಲ ಹದವಾಗುತ್ತದೆ. ಬೀಡಿ ಸಿಗರೇಟು ಸೇದುವವನಾದರೆ ಬಿತ್ತನೆಯೂ ಆಯಿತು.

ಈಚೆಗೆ ಎರಡರ ನಡುವಿನ ಮೂರನೆಯ ದಾರಿಯೂ ತೆರೆದಿದೆ. 2010ರಲ್ಲಿ ಹಾರ್ವರ್ಡಿನ ಸಂಶೋಧಕರು ಬೆರಳಗಲದ ಸ್ವಚ್ಛ ರಬ್ಬರಿನ ತುಂಡಿನಲ್ಲಿ ತೆಳುಪೊರೆಯೊಂದನ್ನು ಇಟ್ಟು, ಒಂದು ಬದಿಗೆ ಗಾಳಿಚೀಲದ ಕೋಶಗಳನ್ನೂ ಇನ್ನೊಂದು ಬದಿಗೆ ರಕ್ತನಾಳದ ಕೋಶಗಳನ್ನೂ ಬೆಳೆಸಿದರು. ಪೊರೆಯನ್ನು ಉಸಿರಾಟದ ಲಯಕ್ಕೆ ಎಳೆದು ಬಿಡುವ ಏರ್ಪಾಡನ್ನೂ ಮಾಡಿದರು. ಅವರು ಅದರ ಮೇಲೆ ಹಾಕಿ ನೋಡಿದವುಗಳಲ್ಲಿ ಸಿಲಿಕದ ಅತಿಸೂಕ್ಷ್ಮ ಕಣಗಳೂ ಇದ್ದುವು. ಪೊರೆ ಅಲುಗದೆ ಇದ್ದಾಗ ಆದ ಹಾನಿಗಿಂತ ಉಸಿರಾಡುತ್ತಿದ್ದಾಗ ಆದ ಹಾನಿ ಹೆಚ್ಚು. ಉಸಿರೇ ಇಲ್ಲದ ತಟ್ಟೆಯಲ್ಲಿ ಧೂಳನ್ನು ಪರೀಕ್ಷಿಸಿದವರು ಧೂಳಿಗೆ ಎಷ್ಟು ರಿಯಾಯಿತಿ ಕೊಟ್ಟಿದ್ದರೆಂದು ಇದರಿಂದ ಗೊತ್ತಾಗುತ್ತದೆ. ಔಷಧಪರೀಕ್ಷೆಗೆ ಪ್ರಾಣಿಗಳೇ ಆಗಬೇಕೆಂಬ ಕಟ್ಟನ್ನು ಅಮೆರಿಕ 2022ರಲ್ಲಿ ಸಡಿಲಿಸಿತು. ನಮ್ಮ ದೇಶವೂ 2023ರಲ್ಲಿ ಇಂಥ ಹೊಸ ವಿಧಾನಗಳಿಗೆ ನಿಯಮದಲ್ಲಿ ಎಡೆಮಾಡಿಕೊಟ್ಟಿತು. ಪ್ರಾಣಿಗಳ ಮೇಲಿನ ಕರುಣೆಯಿಂದ ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ರಬ್ಬರಿನ ತುಂಡೂ ಮನುಷ್ಯನಲ್ಲವೆಂಬುದನ್ನು ಮರೆಯಲಾಗದು. ಮೂವತ್ತು ವರುಷದ ರೋಗವನ್ನು ಅದು ಕೆಲವು ವಾರಗಳಲ್ಲಿ ನಟಿಸಿ ತೋರಿಸಬೇಕಾಗಿದೆ.

ಇದೆಲ್ಲವನ್ನೂ ತಕ್ಕಮಟ್ಟಿಗೆ ಸುಲಭಗೊಳಿಸಿ ನಾವು ಅದೇ ತರಗತಿಗೆ ಮತ್ತೊಮ್ಮೆ ಹೇಳಿದೆವು, ನಮ್ಮ ಮೊದಲ ಉತ್ತರ ತಪ್ಪೆಂದೂ ಹೇಳಿದೆವು. ಹುಡುಗ ಸುಮ್ಮನೆ ಕೇಳಿದ. ಆಮೇಲೆ, "ಅಪ್ಪನ ಕಾರ್ಖಾನೆಯಲ್ಲಿ ನೀರು ಹಾಯಿಸಿಯೇ ಕೊಯ್ಯುತ್ತಾರೆ ಸಾರ್, ಧೂಳು ಏಳುವುದಿಲ್ಲ" ಎಂದ. ನೀರು ಹಾಯಿಸುವುದು ಬಹಳ ಒಳ್ಳೆಯದೆಂದೂ, ಆದರೆ ಆ ಕೆಸರು ಒಣಗಿದ ಮೇಲೆ ಅದೇ ಪುಡಿ ಮತ್ತೆ ಏಳುತ್ತದೆಂದೂ, ಮುಖಕ್ಕೆ ಕಟ್ಟಿದ ಬಟ್ಟೆ ನುಣ್ಣನೆಯ ಧೂಳನ್ನು ತಡೆಯುವುದಿಲ್ಲವೆಂದೂ, ಒದ್ದೆಯಿರುವಾಗಲೇ ಅದನ್ನು ಬಳಿದು ತೆಗೆಯಬೇಕೆಂದೂ ಹೇಳಿದೆವು. ಒಣಗಿದ ಕೆಸರನ್ನು ಅಲ್ಲಿ ದಿನವೂ ಸಂಜೆ ಗುಡಿಸುವವರು ಅವನ ತಾಯಿ.